ನೋಡುವುದಕ್ಕೆ ಒಂದು ಪಟ್ಟಿ, ಉಣ್ಣುವುದಕ್ಕೆ ಇನ್ನೊಂದು

ಕಳೆದ ಡಿಸೆಂಬರಿನಲ್ಲಿ ನನ್ನ ಭಾವಮೈದುನ ತುಮಕೂರಿನಿಂದ ಎರಡು ದಿನಗಳ ಮಟ್ಟಿಗೆ ಮಂಗಳೂರಿಗೆ ಬಂದಿದ್ದ. ರಾತ್ರಿ ಬಸ್ಸಿನಿಂದ ಇಳಿದವನು ಮುಖ ತೊಳೆಯುವುದಕ್ಕೂ ಮೊದಲೇ ಒಂದು ಷರತ್ತು ಹಾಕಿದ. “ಭಾವ, ಟೂರಿಸ್ಟ್ ಜಾಗಗಳು ಒಂದೂ ಬೇಡ. ನೀವು ಊರಿನವರು ಎಲ್ಲಿಗೆ ಹೋಗುತ್ತೀರೋ ಅಲ್ಲಿಗೇ ಕರೆದುಕೊಂಡು ಹೋಗಿ.”

ಈಚಿನ ವರ್ಷಗಳಲ್ಲಿ ಮನೆಗೆ ಬರುವ ನೆಂಟರೆಲ್ಲರೂ ಹೆಚ್ಚು ಕಡಿಮೆ ಇದೇ ಮಾತನ್ನು ಹೇಳುತ್ತಾರೆ. ಮೊದಮೊದಲು ನನಗೂ ಇದರಿಂದ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು. ಊರಿನ ಒಳಗುಟ್ಟು ಬಲ್ಲವನು ನಾನು ಎಂಬ ಗತ್ತಿನಲ್ಲಿ ಸ್ಕೂಟರಿನ ಕೀಲಿಕೈ ಹುಡುಕುತ್ತಿದ್ದೆ. ಆ ದಿನ ಮಾತ್ರ ಯೋಚನೆಗೆ ಬಿದ್ದೆ. ನಾನು ಈ ಊರಿನಲ್ಲಿ ನಿಜವಾಗಿ ಎಲ್ಲಿಗೆ ಹೋಗುತ್ತೇನೆ? ಬೆಳಿಗ್ಗೆ ಕಚೇರಿಗೆ, ಸಂಜೆ ಮೀನಿನ ಮಾರುಕಟ್ಟೆಗೋ ದಿನಸಿ ಅಂಗಡಿಗೋ, ತಿಂಗಳಿಗೊಮ್ಮೆ ಕ್ಷೌರದಂಗಡಿಗೆ, ಮಕ್ಕಳ ಒತ್ತಾಯಕ್ಕೆ ಐಸ್‌ಕ್ರೀಮ್ ಪಾರ್ಲರಿಗೆ. ಊರಿನವರು ಹೋಗುವ ಜಾಗಗಳು ಎಂದರೆ, ಪ್ರಾಮಾಣಿಕವಾಗಿ ಹೇಳುವುದಾದರೆ, ಇಷ್ಟೇ. ಇವುಗಳನ್ನು ತೋರಿಸಿದರೆ ತುಮಕೂರಿನ ಹುಡುಗ ಮರುದಿನವೇ ವಾಪಸು ಬಸ್ಸು ಹತ್ತಿಯಾನು.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಲೈಟ್‌ಹೌಸ್ ಹಿಲ್ಲಿನ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ಲಿನ ಎದುರಿನ ರಸ್ತೆಯಲ್ಲಿ ನಾನು ಹತ್ತಾರು ವರ್ಷ ದಿನಕ್ಕೆರಡು ಬಾರಿ ಓಡಾಡಿದ್ದರೂ, ಅದರ ಒಳಗೆ ಕಾಲಿಟ್ಟು ತಲೆಯೆತ್ತಿ ನೋಡಿದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಹೊರಗಿನಿಂದ ಬಂದ ಅತಿಥಿಯೊಬ್ಬರ ದೆಸೆಯಿಂದ. ಇಟಲಿಯ ಬೆರ್ಗಾಮೋ ಕಡೆಯ ಆಂಟೋನಿಯೊ ಮೊಸ್ಕೇನಿ ಎಂಬ ಯೇಸು ಸಭೆಯ ಸಹೋದರ ಸುಮಾರು 1899ರಿಂದ 1901ರ ನಡುವೆ ಅಲ್ಲಿನ ಗೋಡೆ ಮತ್ತು ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಗೋಡೆಗೆ ಬಳಿದ ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕಾದ ಫ್ರೆಸ್ಕೊ ಒಂದು ಕಡೆ, ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆದು ಮಾಡಿಗೆ ಕೂರಿಸಿದ ಚಿತ್ರಗಳು ಇನ್ನೊಂದು ಕಡೆ. ಹೀಗೆ ಎರಡು ವಿಧಾನಗಳಲ್ಲಿ ಒಬ್ಬನೇ ಮನುಷ್ಯ ಇಷ್ಟು ಕೆಲಸ ಮಾಡಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆ ಅತಿಥಿಯಿಂದ. ಅವರು ಹೊರಡುವ ಮೊದಲೇ ಓದಿಕೊಂಡು ಬಂದಿದ್ದರು. ನಾನು ಅದೇ ಗುಡ್ಡದ ಠಾಗೋರ್ ಪಾರ್ಕಿನಲ್ಲಿ ಕುಳಿತು ಕಡಲೆ ತಿಂದವನು.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನೋಡುವ ವಿಷಯದಲ್ಲಿ ಊರಿನವರ ಮಾತನ್ನು ಹೆಚ್ಚು ನಂಬಬೇಡಿ, ಪ್ರವಾಸಿಗಳ ಹಳೆಯ ಪಟ್ಟಿಯೇ ವಾಸಿ. ತಿನ್ನುವ ವಿಷಯದಲ್ಲಿ ಪ್ರವಾಸಿಗಳ ಪಟ್ಟಿಯನ್ನು ಮಡಚಿ ಜೇಬಿನಲ್ಲಿಡಿ, ಊರಿನವರು ಹೇಳಿದ್ದನ್ನು ಕೇಳಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಪ್ರಸಿದ್ಧವಾದುದೆಲ್ಲ ಸುಳ್ಳು, ಊರಿನವರಿಗೆ ಮಾತ್ರ ಗೊತ್ತಿರುವುದೆಲ್ಲ ನಿಜ ಎಂದು ತೀರ್ಮಾನಿಸುವ ಈಗಿನ ರೂಢಿ ನನಗೆ ಒಪ್ಪಿಗೆಯಿಲ್ಲ.

ಕದ್ರಿಯ ಮಂಜುನಾಥ ದೇವಸ್ಥಾನವನ್ನೇ ನೋಡಿ. ಯಾವ ಪಟ್ಟಿಯಲ್ಲಾದರೂ ಮೊದಲ ಐದರೊಳಗೆ ಅದು ಇದ್ದೇ ಇರುತ್ತದೆ, ಆ ಕಾರಣಕ್ಕೇ ನನ್ನ ಭಾವಮೈದುನ ಬೇಡವೆಂದ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಆಳುಪ ಅರಸ ಕುಂದವರ್ಮನ ಕಾಲದ್ದು. ಮೂರು ಮುಖ, ಆರು ಕೈಗಳ ಆ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಕದರಿಕಾ ವಿಹಾರದಲ್ಲಿ ಎಂದು ಶಾಸನ ಹೇಳುವುದರಿಂದ, ಬೌದ್ಧರ ಅವಲೋಕಿತೇಶ್ವರನೂ ಶೈವ ಪರಂಪರೆಯೂ ಈ ಗುಡ್ಡದ ಮೇಲೆ ಹೇಗೆ ಒಂದರೊಳಗೊಂದು ಬೆರೆತವು ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿದೆ. ಮೇಲೆ ಹೋದರೆ ನಾಥಪಂಥದ ಜೋಗಿ ಮಠ, ಹಿಂಬದಿಯಲ್ಲಿ ಕೆರೆಗಳು. ಸಾವಿರ ವರ್ಷಕ್ಕೂ ಹಳೆಯ ಒಂದು ಕಂಚಿನ ವಿಗ್ರಹ, ತನ್ನ ಎದುರು ಎಷ್ಟು ಜನ ನಿಂತರು ಎಂಬುದರಿಂದ ಕೆಡುವಂಥದ್ದಲ್ಲ. ಊರಿನ ನಾವು ಅಲ್ಲಿಗೆ ಹೋಗುತ್ತೇವೆ ನಿಜ, ಆದರೆ ಕೈಮುಗಿದು, ತೀರ್ಥ ತೆಗೆದುಕೊಂಡು, ಚಪ್ಪಲಿ ಇದೆಯೋ ಇಲ್ಲವೋ ಎಂದು ನೋಡುತ್ತ ಬರುತ್ತೇವೆ. ಆ ಮೂರ್ತಿಯ ಎದುರು ಹತ್ತು ನಿಮಿಷ ಸುಮ್ಮನೆ ನಿಂತವನು ಆ ಪ್ರವಾಸದಲ್ಲಿ, ಮೊದಲು ಬೇಡವೆಂದಿದ್ದ ನನ್ನ ಭಾವಮೈದುನನೇ.

ಪಣಂಬೂರಿನ ಕಡಲತೀರದಲ್ಲಂತೂ ಈ ವಿಂಗಡಣೆಯೇ ನಗೆಪಾಟಲಾಗುತ್ತದೆ. ಭಾನುವಾರ ಸಂಜೆ ಅಲ್ಲಿರುವ ಜನಜಂಗುಳಿಯಲ್ಲಿ ಹೊರಗಿನವರೆಷ್ಟೋ ಅಷ್ಟೇ ಊರಿನವರೂ ಇರುತ್ತಾರೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು ಪಕ್ಕದಲ್ಲೇ ಇರುವುದರಿಂದ, ಕತ್ತಲಾಗುತ್ತಿದ್ದಂತೆ ದೂರದಲ್ಲಿ ಸರದಿ ಕಾಯುವ ಹಡಗುಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಅದನ್ನು ನೋಡುವುದಕ್ಕೆ ಊರಿನವನಾಗಿರಬೇಕಿಲ್ಲ. ಸದ್ದು ಬೇಡವೆನ್ನುವವರು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಬಹುದು. ಗುರುಪುರ ನದಿಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲುಗೋಪುರ ಅದು. ನಿಜ ಹೇಳಬೇಕೆಂದರೆ ಗೋಪುರವನ್ನು ನೋಡುವುದಕ್ಕೆ ಕಾಲು ಗಂಟೆ ಸಾಕು; ಆದರೆ ದೋಣಿ ಓಡುವ ದಿನವಾದರೆ ಅಲ್ಲಿಂದ ನದಿ ದಾಟಿ ತಣ್ಣೀರುಬಾವಿಯ ಕಡಲತೀರಕ್ಕೆ ಹೋಗುವ ಆ ಕೆಲವೇ ನಿಮಿಷಗಳು, ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಅಳಿವೆಯತ್ತ ಸಾಗುವ ಮೀನಿನ ದೋಣಿಗಳು, ಇವು ನನಗೆ ಯಾವ ಉದ್ಯಾನಕ್ಕಿಂತಲೂ ಇಷ್ಟ.

ಇಷ್ಟು ಹೊತ್ತು ನಾನು ಪ್ರವಾಸಿಗಳ ಪರವಾಗಿ ವಾದಿಸಿದೆ. ಊಟದ ಮಾತು ಬಂದಾಗ ಪಕ್ಷ ಬದಲಿಸುತ್ತೇನೆ.

ಚಿತ್ರವಾಗಲಿ ಮೂರ್ತಿಯಾಗಲಿ ವರ್ಷದ ಯಾವ ದಿನ ಹೋದರೂ ಅದೇ ಆಗಿರುತ್ತದೆ. ಮೀನು ಹಾಗಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಳು ಮರಿ ಮಾಡುವ ಕಾಲವೂ ಅದೇ, ಕಡಲು ಕೆರಳುವ ಕಾಲವೂ ಅದೇ. ಸಣ್ಣ ನಾಡದೋಣಿಗಳಿಗೆ ಅವಕಾಶವಿದ್ದರೂ ಅವು ತರುವ ಮೀನು ಊರಿಗೆಲ್ಲ ಸಾಲುವುದಿಲ್ಲ. ಆದರೂ ಜುಲೈ ತಿಂಗಳಲ್ಲಿ ಬಂದವರು ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಂಜಲ್ ಮೀನಿನ ತವಾ ಫ್ರೈ ಕೇಳುತ್ತಾರೆ, ಹೋಟೆಲಿನವರು ಎಂದೋ ಐಸಿನಲ್ಲಿಟ್ಟದ್ದನ್ನೋ ಬೇರೆ ಕಡಲಿನಿಂದ ಬಂದದ್ದನ್ನೋ ಮಸಾಲೆ ಮೆತ್ತಿ ಕೊಡುತ್ತಾರೆ, ಮಂಗಳೂರಿನ ಮೀನು ಇಷ್ಟೇನಾ ಎಂದು ಅವರು ಊರಿಗೆ ಹೋಗಿ ಹೇಳುತ್ತಾರೆ. ಆ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಬೇಯುವುದೇ ಬೇರೆ: ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನಿನ ಚಟ್ನಿ, ಹಲಸಿನ ಬೀಜ ಹಾಕಿದ ಸಾರು, ಎಳೆ ಬಿದಿರಿನ ಕಣಿಲೆ, ಕೆಸುವಿನೆಲೆಯ ಪತ್ರೊಡೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಗಿನ ಜಾವ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದೂ ಉಂಟು. ಅದರ ಕಹಿಯನ್ನು ನಾನು ನೆಂಟರಿಗೆ ಶಿಫಾರಸು ಮಾಡುವುದಿಲ್ಲ.

ಮಳೆ ಇಳಿದ ಮೇಲೆ ಬರುವ, ಮೈತುಂಬ ಎಣ್ಣೆಯಿರುವ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಯಾವ ಪಟ್ಟಿಯಲ್ಲೂ ಮೇಲ್ಸಾಲಿನಲ್ಲಿ ಇರುವುದಿಲ್ಲ, ಏಕೆಂದರೆ ಅದು ಅಗ್ಗದ ಮೀನು, ಮುಳ್ಳು ಬೇರೆ ಹೆಚ್ಚು, ಫೋಟೋದಲ್ಲಿ ಕೆಂಪು ಗೊಜ್ಜಿನಂತೆ ಕಾಣುತ್ತದೆ. ಕುಚ್ಚಲಕ್ಕಿಯ ಗಂಜಿಯ ಜೊತೆ, ಅದೂ ಹಿಂದಿನ ದಿನ ಮಣ್ಣಿನ ಗಡಿಗೆಯಲ್ಲಿ ಮಾಡಿಟ್ಟ ಪುಳಿಮುಂಚಿಯನ್ನು ಬೆಳಿಗ್ಗೆ ತಿಂದವರಿಗೆ ನಾನು ಏನು ಹೇಳುತ್ತಿದ್ದೇನೆ ಎಂಬುದು ಗೊತ್ತು. ನನ್ನ ಭಾವಮೈದುನ ಬಯಲುಸೀಮೆಯವನು, ಮಟನ್ ಎಂದರೆ ಪ್ರಾಣ, ಮೀನಿನ ಮುಳ್ಳೆಂದರೆ ಗಾಬರಿ. ಅಮ್ಮ ಪಕ್ಕದಲ್ಲಿ ಕುಳಿತು, ಬಂಗುಡೆಯ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ನಡುಮುಳ್ಳನ್ನು ಬಾಲದಿಂದ ತಲೆಯವರೆಗೆ ಒಂದೇ ಎಳೆತಕ್ಕೆ ತೆಗೆದು, “ಇನ್ನು ತಿನ್ನು ಮಗ, ಹೆದರಬೇಡ” ಎಂದರು. ಅವನು ಮೂರು ತಿಂದ.

ಇಲ್ಲಿ ಒಂದು ತೊಡಕಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಊರಿನವರು ಎಂದರೆ ಯಾರು? ಈ ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂದು ಹೆಸರು. ಹೆಸರು ಬೇರೆಯಾದಂತೆ ಅಡುಗೆಮನೆಯೂ ಬೇರೆ. ಕೋರಿ ರೊಟ್ಟಿಯ ಗರಿಗರಿ ಅಕ್ಕಿ ಹಾಳೆಗಳ ಮೇಲೆ ಕೋಳಿಯ ಗಸಿ ಎಷ್ಟು ಹೊತ್ತಿಗೆ ಸುರಿಯಬೇಕು ಎಂಬುದನ್ನು ಬಂಟರ ಮನೆಯಲ್ಲಿ ಕೇಳಬೇಕು. ದಾಳಿತೋಯ್ ಎಂಬ ಬೇಳೆಸಾರು ಎಷ್ಟು ಸರಳವಾಗಿರಬೇಕು ಎಂಬುದನ್ನು ರಥಬೀದಿಯ ಕೊಂಕಣಿಗರ ಮನೆಯಲ್ಲಿ. ಇಡ್ಲಿಯಂಥ ಸಾನ್ನದ ಜೊತೆ ಮಾಂಸದ ಬಾಫಾತ್ ಬೇಕೆಂದರೆ ಕ್ರೈಸ್ತ ಗೆಳೆಯರೊಬ್ಬರು ಬೇಕು. ಬಂದರಿನ ಓಣಿಗಳಲ್ಲಿ ಬ್ಯಾರಿ ಮುಸ್ಲಿಮರ ಅಕ್ಕಿ ರೊಟ್ಟಿ ಪತ್ತಿರಿಯ ರುಚಿ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಸಹೋದ್ಯೋಗಿಯೊಬ್ಬರ ಇಫ್ತಾರಿನಲ್ಲಿ. ಹೀಗಿರುವಾಗ ಒಬ್ಬ ಮಂಗಳೂರಿನವನನ್ನು ಹಿಡಿದು ‘ಊರಿನವರ ಮೆಚ್ಚಿನ ಹತ್ತು ಹೋಟೆಲು’ ಎಂದು ಬರೆಸಿದರೆ, ಅದು ಅವನ ಮನೆಯಿಂದ ನಡೆದುಹೋಗುವಷ್ಟು ದೂರದ ಹತ್ತು ಹೋಟೆಲುಗಳ ಪಟ್ಟಿಯಾಗಿರುತ್ತದೆ. ನನ್ನ ಪಟ್ಟಿಯೂ ಅಷ್ಟೇ.

ಊರಿನವರ ಮೆಚ್ಚುಗೆಗೆ ಇನ್ನೊಂದು ದೌರ್ಬಲ್ಯವೂ ಇದೆ. ನಾನು ಹದಿನೈದು ವರ್ಷ ಮಧ್ಯಾಹ್ನದ ಊಟಕ್ಕೆ ಹೋಗುತ್ತಿದ್ದ ಒಂದು ಸಣ್ಣ ಹೋಟೆಲಿತ್ತು. ನಾಲ್ಕು ಮೇಜು, ಮೀನು ಮುಗಿದರೆ ಬಾಗಿಲು. ಯಾರೋ ಅದರ ರೀಲ್ಸ್ ಮಾಡಿದರು. ಈಗ ಹೊರಗೆ ಟೋಕನ್ ಕೊಡುತ್ತಾರೆ, ಒಳಗೆ ಎಲ್ಲ ಮೀನಿಗೂ ಒಂದೇ ಮಸಾಲೆ, ಮಧ್ಯಾಹ್ನ ಮೂರು ಗಂಟೆಗೂ ಬೂತಾಯಿ ಸಿಗುತ್ತದೆ, ಎಲ್ಲಿಂದ ಎಂದು ಕೇಳುವಂತಿಲ್ಲ. ಮಾಲೀಕರಿಗೆ ನಾಲ್ಕು ಕಾಸು ಆದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಚಾಪೆಲ್ಲಿನ ಮಾಡು ಸಾವಿರ ಜನರ ನೋಟವನ್ನು ತಾಳಿಕೊಂಡಂತೆ ನಾಲ್ಕು ಮೇಜಿನ ಅಡುಗೆಮನೆ ತಾಳಿಕೊಳ್ಳಲಾರದು. ಆದ್ದರಿಂದ ಈಗ ನಾನು ಹೋಗುವ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕಮೆಂಟಿನಲ್ಲಿ ಕೇಳಬೇಡಿ. ಹೆಸರು ಹೇಳಿದರೂ ಕೆಡದಷ್ಟು ದೊಡ್ಡದಾಗಿ ಬೆಳೆದದ್ದು ಐಡಿಯಲ್ ಐಸ್‌ಕ್ರೀಮ್ ಒಂದೇ; 1975ರಲ್ಲಿ ಶುರುವಾದ ಅಲ್ಲಿ ಗಡ್‌ಬಡ್ ತಿನ್ನುವುದಕ್ಕೆ ಪ್ರವಾಸಿಯೂ ನಾನೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. (ಗಡ್‌ಬಡ್ ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳವನ್ನು ಈ ಬರಹದ ಕೆಳಗೆ ದಯವಿಟ್ಟು ಆರಂಭಿಸಬೇಡಿ.)

ಊರಿನವರಿಗೆ ಅತ್ಯಂತ ಪ್ರಿಯವಾದ, ಆದರೆ ಪಟ್ಟಿಗೆ ಸೇರಿಸಲೇಬಾರದ ಸಂಗತಿಗಳೂ ಇವೆ. ಭಾವಮೈದುನ ಎರಡನೆಯ ದಿನ ಭೂತಕೋಲ ನೋಡಬೇಕೆಂದ. ಕೋಲವೆಂಬುದು ಒಂದು ಮನೆತನದ, ಒಂದು ಊರಿನ ನಂಬಿಕೆಯ ಕಾರ್ಯ. ಅಲ್ಲಿ ದೈವದ ಮುಂದೆ ಜನ ತಮ್ಮ ಜಮೀನಿನ ತಕರಾರನ್ನೂ ಮಗಳ ಕಾಯಿಲೆಯನ್ನೂ ಹೇಳಿಕೊಳ್ಳುತ್ತಾರೆ. ಕರೆ ಬಂದರೆ ಹೋಗಿ, ಫೋನನ್ನು ಜೇಬಿನಲ್ಲಿಟ್ಟು, ಹಿಂದೆ ಕುಳಿತು ನೋಡಿ. ಕರೆಯಿಲ್ಲದಿದ್ದರೆ, ದೀಪಾವಳಿಯ ನಂತರದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಎಲ್ಲಾದರೊಂದು ಕಡೆ ಬಯಲಾಟ ಇದ್ದೇ ಇರುತ್ತದೆ. ಯಕ್ಷಗಾನದ ಹರಕೆಯ ಆಟಕ್ಕೆ ಟಿಕೆಟ್ಟೂ ಇಲ್ಲ, ಹಂಗೂ ಇಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳಲ್ಲಿ ಹಲವು ಈಗ ಕಾಲಮಿತಿಗೆ ಬಂದಿರುವುದರಿಂದ ನಿದ್ದೆಗೆಡುವ ಭಯವೂ ಕಡಿಮೆ. ನಾವು ಆ ರಾತ್ರಿ ಅಲ್ಲಿಗೇ ಹೋದೆವು. ಭಾಗವತರ ಪದ್ಯದ ಅರ್ಧ ಮಾತು ಅವನಿಗೆ ಹಿಡಿಯಲಿಲ್ಲ, ಚೆಂಡೆ ಮಾತ್ರ ಪೂರ್ತಿ ಹಿಡಿಯಿತು.

ಮರುದಿನ ಮುಂಜಾನೆ ಮೀನಿನ ಬೋಟುಗಳು ನಿಲ್ಲುವ ದಕ್ಕೆಗೂ ಕರೆದುಕೊಂಡು ಹೋದೆ. ಬೋಟುಗಳಿಂದ ಬುಟ್ಟಿ ಇಳಿಸುವವರು, ಏಲಂ ಕೂಗುವವರು, ಮೀನು ಕೊಂಡು ಟೆಂಪೋ ಹಿಡಿಯುವ ಅವಸರದಲ್ಲಿರುವ ಹೆಂಗಸರು, ಇವರ ನಡುವೆ ಕ್ಯಾಮೆರಾ ಹಿಡಿದು ನಿಲ್ಲುವುದೆಂದರೆ ಯಾರದೋ ಕಚೇರಿಯ ಮೇಜಿನ ಮೇಲೆ ಹತ್ತಿ ನಿಂತಂತೆ. ಗೋಡೆಗೆ ಒರಗಿ ಅರ್ಧ ಗಂಟೆ ನಿಂತೆವು. ಮಂಜುಗಡ್ಡೆಯ ನೀರು ಅವನ ಹೊಸ ಬೂಟಿನೊಳಕ್ಕೆ ಹೋಯಿತು. ಒಬ್ಬ ಅಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಮೀನು ಬೇಕಾ, ಇಲ್ಲ ಸುಮ್ಮನೆ ನಿಂತದ್ದಾ?” ಎಂದು ಕೇಳಿದರು. ಅವನು ಸಂಕೋಚಪಟ್ಟು ಎರಡು ಕಿಲೋ ಬಂಗುಡೆ ಕೊಂಡ. ಮಧ್ಯಾಹ್ನದ ಬಸ್ಸಿಗೆ ಅದನ್ನು ತುಮಕೂರಿಗೆ ಒಯ್ಯುವಂತಿರಲಿಲ್ಲ, ಮನೆಯಲ್ಲಿ ನನ್ನ ಅಮ್ಮನೇ ಹುರಿದು ಬುತ್ತಿ ಕಟ್ಟಿಕೊಟ್ಟರು.

ಮುಂದಿನ ಸಲ ಜುಲೈಯಲ್ಲಿ ಬರುತ್ತೇನೆ ಎಂದು ಮೊನ್ನೆ ಫೋನು ಮಾಡಿದ್ದ. ಕಡಲಿಗೆ ಇಳಿಯುವಂತಿಲ್ಲ, ಅಂಜಲ್ ಕೇಳುವಂತಿಲ್ಲ ಎಂದು ಮೊದಲೇ ಹೇಳಿದ್ದೇನೆ. ಅಮ್ಮ ಕೆಸುವಿನ ಬುಡಕ್ಕೆ ಈಗಿನಿಂದಲೇ ಗೊಬ್ಬರ ಹಾಕುತ್ತಿದ್ದಾರೆ.