ರೆಂಡರಿಂಗ್ ಅಂದ್ರೆ ಯಾವ ಗುಂಡಿ ತಿರುಗಿಸಬೇಕು?

ನಮ್ಮ ವಿಜಯಪುರದಲ್ಲಿ ಈಗ ಕ್ಯಾಮೆರಾ ಹಿಡಿದವರು ಜಾಸ್ತಿ ಆಗಿದ್ದಾರೆ. ಖುಷಿಯ ವಿಷಯವೇ. ಭಾನುವಾರ ಬೆಳಿಗ್ಗೆ ಗೋಳಗುಮ್ಮಟದ ಫೋಟೋ ತೆಗೆದು, ಆಮೇಲೆ ಚಹಾ ಕುಡಿಯುತ್ತಾ ಒಬ್ಬರದ್ದು ಒಬ್ಬರು ನೋಡುತ್ತಾರೆ. ನನ್ನ ತಕರಾರು ಆ ಚಹಾ ಹೊತ್ತಿನ ಮಾತಿನ ಬಗ್ಗೆ.

"ಈ ಲೆನ್ಸಿನ ರೆಂಡರಿಂಗೇ ಬೇರೆ." "ಮೈಕ್ರೋ ಕಾಂಟ್ರಾಸ್ಟ್ ನೋಡ್ರಿ." "ತ್ರೀಡಿ ಪಾಪ್ ಹೆಂಗ ಬಂದೈತಿ!" ಎಲ್ಲ ಲೆನ್ಸು ಚಿತ್ರ ಮೂಡಿಸುವ ಬಗೆಯನ್ನು ಹೊಗಳುವ ಮಾತುಗಳಂತೆ. ಸುಮ್ನೆ ತಲೆ ಆಡಿಸಬೇಕು. ಹಾಗಂದ್ರೆ ಏನ್ರೀ ಅಂತ ಕೇಳಿದರೆ, ನಿಮಗಿನ್ನೂ ಕಣ್ಣು ಪಳಗಿಲ್ಲ ಅನ್ನುವ ನಗು.

ಇಂಗ್ಲಿಷ್ ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಅಪರ್ಚರ್ (ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ದೊಡ್ಡದು, ಹಿಂದೆ ಮುಂದೆ ಇರುವುದು ಅಷ್ಟೇ ಮಬ್ಬು), ಶಟರ್ (ಬೆಳಕು ಬೀಳುವ ಹೊತ್ತು; 250 ಅಂದ್ರೆ ಸೆಕೆಂಡಿನ 250ನೇ ಒಂದು ಭಾಗ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಕೆಲಸಕ್ಕೆ ಬರುವ ಪದಗಳು. ಗಾಂಧಿ ಚೌಕದ ಹತ್ತಿರ ಪರಿಚಯದ ಸ್ಟುಡಿಯೋದವರೊಬ್ಬರು ಹೊಸದಾಗಿ ಸೇರಿದ ಹುಡುಗನಿಗೆ ಹೇಳುತ್ತಿದ್ದರು: "ತಮ್ಮಾ, ಅಕ್ಕಿಕಾಳು ಬೀಳೂ ಹೊತ್ತಿಗೆ ಎಫ್ 1.8 ಇಡಬ್ಯಾಡ. ಮದುಮಗಳ ಮುಖ ಚೊಲೊ ಬರತೈತಿ, ಮದುಮಗ ಮಬ್ಬ ಆಗತಾನ. ಎಫ್ 4ಕ್ಕ ಇಡು. ಶಟರ್ 250ರ ಕೆಳಗ ಇಳಿಸಿದ್ರ ಕಾಳು ಗೆರಿ ಎಳದಂಗ ಬರತಾವ. ಬೆಳಕ ಸಾಲದಿದ್ರ ಐಎಸ್‌ಒ ಏರಸು." ಹುಡುಗ ಅಲ್ಲೇ ಗುಂಡಿ ತಿರುಗಿಸಿ ನೋಡಿದ. ರೆಂಡರಿಂಗ್ ಚೆನ್ನಾಗಿರಲಿ ಅಂದಿದ್ದರೆ ಅವನು ಏನನ್ನು ತಿರುಗಿಸಬೇಕಿತ್ತು?

ಇನ್ನು ಲೆನ್ಸ್ ಕಂಪ್ರೆಷನ್. ಗೋಳಗುಮ್ಮಟದ ಮುಂದೆ ಮ್ಯೂಸಿಯಂ ಇರುವ ನಗಾರಖಾನೆ ಇದೆಯಲ್ಲ, 200 ಎಂಎಂನ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಹಾಕಿ ದೂರದಿಂದ ತೆಗೆದರೆ ಗುಮ್ಮಟ ಅದರ ಬೆನ್ನಿಗೇ ಅಂಟಿಕೊಂಡಂತೆ ಕಾಣುತ್ತದೆ. ಟೆಲಿ ಲೆನ್ಸಿನ ಜಾದೂ ಅಂತಾರೆ. ಅದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದು, ನಡುವಿನ ಭಾಗ ಮಾತ್ರ ಕತ್ತರಿಸಿ ನೋಡಿ. ಫೋಟೋ ಒರಟಾಗಿರುತ್ತದೆ, ಆದರೆ ಎರಡೂ ಕಟ್ಟಡಗಳ ಅಳತೆ ಹಾಗೇ ಇರುತ್ತದೆ. ನಗಾರಖಾನೆಯ ಬುಡಕ್ಕೆ ಬಂದು ನಿಂತರೆ, ಹೊರಗಿನಿಂದ 44 ಮೀಟರ್ ಅಗಲದ ಆ ಗುಮ್ಮಟ ಬಹುಪಾಲು ಮರೆಯಾಗುತ್ತದೆ. ಎಲ್ಲ ನಾವು ನಿಂತ ಜಾಗದ ಆಟ. "ಇನ್ನೂ ದೂರ ಹೋಗಿ ತೆಗೆ" ಅಂದರೆ ಮುಗೀತು. ಆದರೆ ಹಾಗೆ ಹೇಳಿದರೆ ಎಂಬತ್ತು ಸಾವಿರದ ಲೆನ್ಸಿಗೆ ಮರ್ಯಾದೆ ಎಲ್ಲಿ ಸಿಗುತ್ತೆ!

ಫುಲ್ ಫ್ರೇಮ್ ಲುಕ್ ಅಂತಲೂ ಒಂದಿದೆ. ಫುಲ್ ಫ್ರೇಮ್ ಕ್ಯಾಮೆರಾದ 36×24 ಎಂಎಂ ಸೆನ್ಸರಿಗೆ (ಬೆಳಕು ಹಿಡಿಯುವ ಚಿಪ್) ಬೆಳಕು ಜಾಸ್ತಿ ಸಿಗುವುದು ನಿಜ. ಗುಮ್ಮಟದ ಒಳಗಿನ ಮಬ್ಬಿನಲ್ಲಿ ಅದು ಗೊತ್ತಾಗುತ್ತದೆ. ಆದರೆ ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್‌ಸಿ ಕ್ಯಾಮೆರಾದಲ್ಲಿ 35 ಎಂಎಂ, ಎಫ್ 2.8ಕ್ಕೆ ತೆಗೆದದ್ದನ್ನೂ ಫುಲ್ ಫ್ರೇಮಿನಲ್ಲಿ 50 ಎಂಎಂ, ಎಫ್ 4ಕ್ಕೆ ತೆಗೆದದ್ದನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಡಿ. ಯಾವುದು ಯಾವುದು ಅಂತ ಗುರುತಿಸುವವರು ಎಷ್ಟು ಜನ ಸಿಗ್ತಾರೆ ನೋಡೋಣ.

ಕಲರ್ ಸೈನ್ಸ್ ಬಗ್ಗೆ ಹೇಳದಿರುವುದೇ ವಾಸಿ. ಯಾವ ಕಂಪನಿಯ ಬಣ್ಣ ಮೇಲು ಅಂತ ತಾಸುಗಟ್ಟಲೆ ಜಗಳ. ಮನೆಗೆ ಹೋಗಿ ರಾ ಫೈಲಿಗೆ, ಅಂದ್ರೆ ಕ್ಯಾಮೆರಾ ಕೊಡುವ ಕಚ್ಚಾ ಫೈಲಿಗೆ, ಎಲ್ಲರೂ ಹಚ್ಚೋದು ಒಂದೇ ಪ್ರಿಸೆಟ್ (ಸಿದ್ಧ ಬಣ್ಣದ ಸೆಟ್ಟಿಂಗ್). ಬೂದು ಕಲ್ಲಿನ ಗುಮ್ಮಟ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ.

ಮೊನ್ನೆ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದ ಟಾಂಗಾ ಅಜ್ಜನ ಫೋಟೋ ತೋರಿಸಿದ. ಕುದುರೆಯ ಕಿವಿ, ಅಜ್ಜನ ಪಟಗ, ಎರಡಕ್ಕೂ ಎಳೆಬಿಸಿಲು ಬಿದ್ದಿತ್ತು. ಭಾಳ ಚೊಲೊ ಫೋಟೋ. ನಮ್ಮ ಪಂಡಿತರು "ಟೋನಾಲಿಟಿ ಫ್ಲಾಟ್ ಐತಿ, ನೆಗೆಟಿವ್ ಸ್ಪೇಸ್ ಉಸಿರಾಡವಲ್ದು" ಅಂದರು. ಅಜ್ಜನ ತಲೆಯ ಮೇಲೆ ಲೈಟ್ ಕಂಬ ಕೊಂಬಿನಂತೆ ಎದ್ದಿತ್ತು, ಅದನ್ನು ಒಬ್ಬರೂ ಹೇಳಲಿಲ್ಲ. "ಎರಡು ಹೆಜ್ಜಿ ಎಡಕ್ಕ ಸರದ್ರ ಕಂಬ ಹೋಗತಿತ್ತು ನೋಡು" ಅಂದೆ. "ಹೌದಲ್ರೀ ಸರ್, ನೋಡೇ ಇಲ್ಲ ನಾ" ಅಂದ. ತಕ್ಷಣ ಅವನ ಮುಂದಿನ ಪ್ರಶ್ನೆ: "ಅಜ್ಜಗ ಹೇಳಿ ಟಾಂಗಾ ನಿಲ್ಲಿಸಿ ತಗೀಬೇಕ್ರೀ, ಇಲ್ಲಾ ಓಡೂ ಮುಂದನ ತಗೀಬೇಕ್ರೀ?"

ಇದರ ಮೇಲೆ ಬೇಕಾದರೆ ಇನ್ನೊಂದು ಚಹಾ ಹೇಳಿ ವಾದ ಮಾಡೋಣ, ನಾನು ತಯಾರು. ನಾನಂತೂ ಓಡುವಾಗಲೇ ತೆಗೆಯಬೇಕು ಅನ್ನುವ ಪಾರ್ಟಿ.