ಕೋಲಾರದ ಕಪ್ಪು ಕಲ್ಲಿನ ಬಗ್ಗೆಯೂ ಬರೆಯಿರಿ

ನಿಮ್ಮ ಲೇಖನದಲ್ಲಿ ಕೆನಡಾದ ಹಡ್ಸನ್ ಕೊಲ್ಲಿ ದಡದ ಕಲ್ಲುಗಳಿಗೆ ಸುಮಾರು 416 ಕೋಟಿ ವರ್ಷ ಎಂಬ 2025ರ ಅಧ್ಯಯನವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಭೂಮಿಯ ಹಳೆಯ ಲಾವಾ ಅಂದಮೇಲೆ ಕೋಲಾರದ ಹೆಸರೇ ಬರಲಿಲ್ಲವಲ್ಲ ಎಂದು ಬೇಜಾರಾಯಿತು.

ನಮ್ಮದು ಬಂಗಾರಪೇಟೆ. ತಾತ ಕೆಜಿಎಫ್ ಗಣಿಗೆ ಇಳಿಯುತ್ತಿದ್ದರು. ಅವರು ತಂದ ಕಪ್ಪು ಕಲ್ಲೊಂದು ಈಗಲೂ ಮನೆಯಲ್ಲಿದೆ. ನೋಡಲು ಚಿಕ್ಕದು, ಎತ್ತಿದರೆ ಭಾರ. ಅದು ಸುಮಾರು 270 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ಎಂದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಊರಲ್ಲಿ ಎಲ್ಲರೂ ಚಿನ್ನದ ಮಾತೇ ಆಡುತ್ತಿದ್ದರು, ಕಲ್ಲಿನ ಕಡೆ ಯಾರ ಗಮನವೂ ಇರಲಿಲ್ಲ.

ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಚಿಮ್ಮಿದ ಚೂರುಗಳು ಸೇರಿ ಗಟ್ಟಿಯಾದ ಬಂಡೆಗಳಿವೆ. ದಿಂಬಿನಾಕಾರದ ಲಾವಾ ಕೂಡ ಇದೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಕ್ಷಣ ತಣ್ಣಗಾಗಿ ಸಿಪ್ಪೆ ಕಟ್ಟುತ್ತದೆ. ಒಳಗಿನ ಬಿಸಿ ಲಾವಾ ಅದನ್ನು ಸೀಳಿಕೊಂಡು ಬಂದು ಇನ್ನೊಂದು ಉಂಡೆಯಾಗುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು! ಅಂದರೆ ಈ ಒಣ ನೆಲದಲ್ಲಿ ಆಗ ನೀರು ನಿಂತಿತ್ತು. ಕೋಲಾರದಲ್ಲಿ ಕೊಮಟಿಯೈಟ್ ಜಾತಿಯ, ಅಂದರೆ ತುಂಬಾ ಬಿಸಿಯಾದ ಲಾವಾ ಗಟ್ಟಿಯಾಗಿ ಆದ ಕಲ್ಲೂ ಸಿಗುತ್ತದೆ. ಆ ಲಾವಾ ಸುಮಾರು 1600 ಡಿಗ್ರಿ ಬಿಸಿ ಇರುತ್ತಿತ್ತು. ಇವತ್ತಿನ ಹವಾಯಿ ಲಾವಾ 1200ರ ಆಸುಪಾಸು ಅಷ್ಟೇ. ಭೂಮಿಯ ಒಡಲು ಆಗ ಎಷ್ಟು ಕಾದಿತ್ತು ಅಂತ ಇದರಿಂದಲೇ ತಿಳಿಯುತ್ತದೆ ಅಲ್ವಾ?

ಪೆದ್ದಪಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಮಂದಿ ಅದನ್ನು ನೋಡಿಲ್ಲ. ಮುಂದಿನ ಲೇಖನ ಅದರ ಬಗ್ಗೆಯೇ ಬರೆಯಿರಿ, ದಯವಿಟ್ಟು.