ಇಷ್ಟೇನಾ?

ಶ್ರೀರಂಗಪಟ್ಟಣದ ದರಿಯಾ ದೌಲತ್ ಮುಂದೆ ನಿಂತು "ಇಷ್ಟೇನಾ?" ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ, ಅವರ ತಪ್ಪೂ ಅಲ್ಲ. ಬೆಳಿಗ್ಗೆಯಷ್ಟೇ ಮೈಸೂರು ಅರಮನೆ ನೋಡಿ, 1912ರಲ್ಲಿ ಕಟ್ಟಿ ಮುಗಿಸಿದ ಆ ವೈಭವವನ್ನು ತಲೆಯಲ್ಲಿ ತುಂಬಿಕೊಂಡು, ತೋಟದ ಬಿಸಿಲಲ್ಲಿ ಉದ್ದಕ್ಕೂ ನಡೆದು ಬಂದಿರುತ್ತಾರೆ. ಸಿಕ್ಕಿದ್ದು ಏನು? ಟಿಪ್ಪು ಸುಲ್ತಾನನ 1784ರ ಒಂದು ಮರದ ಬೇಸಿಗೆ ಮನೆ. ಅದಕ್ಕೂ ಸುತ್ತ ಹಸಿರು ಪರದೆ ಇಳಿಬಿಟ್ಟಿದೆ.

ನನ್ನ ಸೋದರಮಾವ ಈ ಪಂಥದ ಮಠಾಧಿಪತಿ. ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ 58 ಅಡಿಯ ಗೊಮ್ಮಟನನ್ನು ನೋಡಿ, "ಕ್ಯಾಲೆಂಡರಲ್ಲಿ ಇನ್ನೂ ಎತ್ತರ ಕಾಣ್ತಾನಪ್ಪ" ಅಂದವರು. ಮೇ ತಿಂಗಳಲ್ಲಿ ಜೋಗಕ್ಕೆ ಹೋಗಿ, ತಮ್ಮ ಬಚ್ಚಲಿನ ನಲ್ಲಿಯೇ ವಾಸಿ ಎಂದು ವಾಪಸು ಬಂದವರು. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗ ಹೊರಗೆ ಬಂದು ಕೈಮುಗಿದ. ಮಾವ ಮಾತ್ರ ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ ಅವನ ಹಿಂದಿನ ಬಾಗಿಲನ್ನೇ ನೋಡುತ್ತ ಕೂತರು. ಸಂಬಂಧ ಕುದುರಲಿಲ್ಲ. ಆ ಹುಡುಗ ಈಗ ಬೆಂಗಳೂರಲ್ಲಿ ಸ್ವಂತ ಮನೆ ಕಟ್ಟಿಸಿದ್ದಾನಂತೆ ಎಂದು ಅತ್ತೆ ಹಬ್ಬಕ್ಕೊಮ್ಮೆ ಹಂಗಿಸುತ್ತಾರೆ. "ಎಷ್ಟು ಅಂತಸ್ತು?" ಅನ್ನುತ್ತಾರೆ ಮಾವ.

ಇಂಥವರನ್ನು ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ತಂದು ನಿಲ್ಲಿಸಿದೆ. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ ಅಲ್ಲಿ ಗೋಡೆತುಂಬ ನಡೆಯುತ್ತಿದೆ. ಮದ್ದಿನ ಬಂಡಿ ಸಿಡಿದಿದೆ, ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇದೇ ಮನೆಯಲ್ಲಿ ಬಿಡಾರ ಹೂಡಿದ ಇಂಗ್ಲಿಷರ ಸೇನಾಧಿಕಾರಿ ವೆಲ್ಲೆಸ್ಲಿ, ತನ್ನವರು ಸೋತ ಈ ಚಿತ್ರವನ್ನು ಅಳಿಸಲಿಲ್ಲ, ಸರಿಮಾಡಿಸಿದ. ಇದನ್ನೆಲ್ಲ ಹೇಳಿದೆ. ಮಾವ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೆದ್ದೆ ಅಂದುಕೊಂಡೆ.

"ಟಿಪ್ಪು ಎಲ್ಲಿ?"

ತೋರಿಸಿದೆ. ಗುಲಾಬಿ ಮೂಸುತ್ತ ನೆಮ್ಮದಿಯಾಗಿ ಸಾಗುತ್ತಿದ್ದಾನೆ.

"ನೋಡು, ಅಲ್ಲಿ ತಲೆಗಳು ಉರುಳ್ತಾ ಇವೆ, ಇವರಿಗೆ ಹೂವು. ನಮ್ಮ ಆಫೀಸಲ್ಲೂ ಒಬ್ಬ ಸಾಹೇಬ ಹೀಗೇ ಇದ್ದ." ಎಂದವರೇ ಆ ಸಾಹೇಬನ ಕಥೆ ಶುರು ಮಾಡಿದರು. ಪೂರ್ವದ ಗೋಡೆ ನೋಡುವುದು ಬಾಕಿಯೇ ಉಳಿಯಿತು. ಕಥೆ ಮದ್ದೂರು ದಾಟಿದರೂ ಮುಗಿದಿರಲಿಲ್ಲ.